ಯುಗಾದಿಗೆ ಹೊಸ ಹಾಸು: ಕೂಲಿ ತಪ್ಪದಂಗ ಹೊಸದು ಏನು ನೇಯಬಹುದು?

ಲಾಳಿ_ಕುಷ್ಟಗಿ

ಎಲ್ಲಾರಿಗೂ ನಮಸ್ಕಾರ್ರಿ. 2026ರ ಮಾರ್ಚ್ 19ಕ್ಕ ಯುಗಾದಿ. ಹಬ್ಬದ ಮರುದಿನ ಕುಣಿಮಗ್ಗದಾಗ (ಕುಣಿಯೊಳಗ ಕಾಲು ಬಿಟ್ಟು ತುಳಿಯೋ ಕೈಮಗ್ಗ) ಒಂದು ಹೊಸ ಹಾಸು (ಉದ್ದ ಎಳಿಗಳ ಸಾಲು) ಏರಿಸಬೇಕು ಅಂತ ಐತಿ. ಈಗ ನಡದಿರೋದು ಇಳಕಲ್ ಸೀರಿ. ಒಡಲು ಹತ್ತಿ, ದಡಿ ಮತ್ತ ಸೆರಗು ಆರ್ಟ್ ಸಿಲ್ಕ್ (ರೇಯಾನ್ ಅನ್ನೋ ಕೃತಕ ರೇಷ್ಮಿ). ವರ್ಷಗಟ್ಲೆ ಅದೇ ಬಣ್ಣ, ಅದೇ ಗೆರಿ, ಕೈ ತಾನ ನೇಯ್ಕೊಂಡ ಹೊಂಟೈತಿ, ತಲಿ ಕೆಲಸ ಮಾಡೋದು ನಿಂತೈತಿ.

ಮಗ್ಗದಾಗ 4 ಹೀಲ್ಡ್ (ಎಳಿ ಎತ್ತಿ ಇಳಿಸೋ ಚೌಕಟ್ಟು) ಅದಾವ, ಮ್ಯಾಲೆ ಅವನ್ನ ತೂಗುಬಿಟ್ಟ ರೋಲರ್. ದಡಿಗೆ ಸಣ್ಣ ಡಾಬಿ (ಬೇಕಾದ ಹೀಲ್ಡ್ ಆರಿಸಿ ಎತ್ತೋ ಸಾಧನ). ದೊಡ್ಡ ಚಿತ್ತಾರ ತೆಗಿಯೋ ಹೊಸ ಜಕಾರ್ಡ್ ಯಂತ್ರ ಕೊಳ್ಳೋ ಮಾತು ಬ್ಯಾಡ. ಕೇಳೋದು ಮೂರು:

ಇದೇ ಮಗ್ಗದಾಗ ಎಷ್ಟು ಥರ ಹೊಸ ನೇಯ್ಗಿ ತೆಗಿಬಹುದು? ಇಳಕಲ್ ಸೀರಿ ಬಿಡದ ಅದರೊಳಗ ಎಲ್ಲಿ ಕೈಯಾಡಿಸಬಹುದು? ಪ್ರಯೋಗಕ್ಕ ನೂಲು ಎಷ್ಟು ಹಾಳಾದೀತು?

ಈ ಸಲ ಬರೋದು ಪರಾಭವ ಸಂವತ್ಸರ, ಹೆಸರು ಕೇಳಿ ಹೆದರಿಸಬ್ಯಾಡ್ರಿ.

ಫಣಿ72 (ಭಾಗ್ಯನಗರ)

ಹೆಸರಿಗೆ ಹೆದರಿದ್ರ ಅರವತ್ತು ವರ್ಷಕ್ಕೊಮ್ಮೆ ಮಗ್ಗ ನಿಲ್ಲಿಸಬೇಕಾಗ್ತದ, ಬಿಡ್ರಿ.

ಮೊದಲ ಪ್ರಶ್ನೆಗೆ ಉತ್ತರ ಅಂದ್ರ ನಮೂನೆ ಹಾಸು. ಸೀರೆ ಅಗಲ ಹಾಕಬಾರದು. 20 ಇಂಚು ಅಗಲ, 5 ಗಜ ಉದ್ದ ಸಾಕು. ನೂಲು 2/80 (80 ಕೌಂಟಿನ ಎರಡು ಎಳೆ ಹುರಿ ಮಾಡಿದ್ದು), ಫಣಿ (ಎಳೆ ಹಾಯೋ ಹಲ್ಲಿನ ಬಾಚಣಿಗೆ) 60. ಅಂದ್ರ 2 ಇಂಚಿನೊಳಗ 60 ಹಲ್ಲು, ಹಲ್ಲಿಗೆ 2 ಎಳೆ, ಇಂಚಿಗೆ 60 ಎಳೆ. ಒಟ್ಟು 1,200 ಎಳೆ. ಬೇಕಾಗೋ ನೂಲಿನ ಲೆಕ್ಕ:

1,200 × 5 = 6,000 ಗಜ. ಒಂದು ಲಡಿ 840 ಗಜ, ಅಂದ್ರ 7.14 ಲಡಿ. 2/80 ಅಂದ್ರ ತೂಕದ ಲೆಕ್ಕದೊಳಗ 40 ಕೌಂಟು, ಪೌಂಡಿಗೆ 40 ಲಡಿ. 7.14 ÷ 40 = 0.18 ಪೌಂಡು, ಸುಮಾರು 81 ಗ್ರಾಂ. ಪ್ರಯೋಗಕ್ಕ ಹಾಳಾಗೋ ಹಾಸಿನ ನೂಲು ಅಂದ್ರ ಇಷ್ಟೇ. ಭಯ ಬೀಳೋವಂಥಾದ್ದು ಇದರೊಳಗ ಏನೂ ಇಲ್ಲ.

ಈ 20 ಇಂಚನ್ನ 4 ಇಂಚಿನ 5 ಪಟ್ಟಿ ಮಾಡ್ರಿ, ಪ್ರತಿ ಪಟ್ಟಿಗೆ 240 ಎಳೆ. ಹೀಲ್ಡಿನೊಳಗ ಎಳೆ ಹಾಯಿಸೋ ಕ್ರಮ ಪ್ರತಿ ಪಟ್ಟಿಗೂ ಬ್ಯಾರೆ:

ಪಟ್ಟಿ 1: ನೇರ, 1-2-3-4.
ಪಟ್ಟಿ 2: ಮೊನಚು, 1-2-3-4-3-2.
ಪಟ್ಟಿ 3: ಮುರಿದ ಕ್ರಮ, 1-2-3-4-2-1-4-3.
ಪಟ್ಟಿ 4: ಜೋಡಿ, 1-1-2-2-3-3-4-4.
ಪಟ್ಟಿ 5: ನೇರ ಕ್ರಮನೇ, ಆದ್ರ ಒಂದು ಎಳೆ ಕಪ್ಪು, ಒಂದು ಎಳೆ ಬಿಳಿ. ಪ್ರತಿ ಇಂಚಿಗೊಮ್ಮೆ ಎರಡು ಬಿಳಿ ಒಟ್ಟಿಗೆ ಇಟ್ಟು ಸರದಿ ತಿರುಗಿಸ್ರಿ. ಹೊಕ್ಕನ್ನೂ (ಅಡ್ಡ ಎಳೆ) ಕಪ್ಪು ಬಿಳಿ ಸರದಿಯೊಳಗ ಹೊಡೆದ್ರ ಚಾಪೆ ಹೆಣೆದಂಥ ಅಡ್ಡ ಉದ್ದ ಗೆರೆ ಬರ್ತಾವ. ಸಾದಾ ನೇಯ್ಗೆನೇ, ಆದ್ರ ನೋಡಿದವರು ನಂಬಂಗಿಲ್ಲ.

ಇನ್ನು ತುಳಿಯೋ ಕ್ರಮ ಆರು. ಅಂಕಿ ಅಂದ್ರ ಒಟ್ಟಿಗೆ ತುಳಿಯೋ ಹೀಲ್ಡು, 13 ಅಂದ್ರ 1 ಮತ್ತ 3. ಸಾದಾ (13, 24). ಓರೆ (12, 23, 34, 41). ಓರೆ 8 ಹೊಕ್ಕು ಮುಂದಕ್ಕ, 8 ಹಿಂದಕ್ಕ. ಒಂದೊಂದೇ (1, 2, 3, 4). ಮೂರ್ಮೂರು (123, 234, 341, 412). ಕೊನೆಗೆ 12 ಎರಡು ಸಲ, 34 ಎರಡು ಸಲ. ಪ್ರತಿಯೊಂದನ್ನೂ 5 ಇಂಚು ನೇಯ್ದು, ಹೊಕ್ಕಿನ ಬಣ್ಣ ಬದಲಿಸಿ ನಾಲ್ಕು ಸಲ ಹೊಡೆದ್ರ 5 × 6 × 4 = 120 ಚೌಕ. ಉದ್ದ 120 ಇಂಚು.

ಎಡವೋ ಜಾಗ ಒಂದು ಹೇಳಿಬಿಡ್ತೀನಿ. ಪಟ್ಟಿ 3ರೊಳಗ 4 ಆದ ಮ್ಯಾಲೆ 2 ಬರ್ತದ, ಎರಡೂ ಸಮಸಂಖ್ಯೆ. 3 ಆದ ಮ್ಯಾಲೆ ಮತ್ತ 1. ಹಿಂಗಾಗಿ ಸಾದಾ ತುಳಿದಾಗ ಅಲ್ಲಿ ಎರಡು ಎಳೆ ಕೂಡಿ ಎದ್ದು ಉದ್ದಕ್ಕ ಒಂದು ಗೆರೆ ಬೀಳ್ತದ. ಅದು ಎಳೆ ತಪ್ಪಿದ್ದಲ್ಲ, ಬಿಚ್ಚಾಕ ಹೋಗಬ್ಯಾಡ್ರಿ.

ತೋಪುತೆನಿ (ದೋಟಿಹಾಳ)

ಫಣಿ ಅಣ್ಣಾರ ಲೆಕ್ಕ ಚೊಲೋ ಐತಿ, ಆದ್ರ ಒಂದು ತಿದ್ದುಪಡಿ. ಲಾಳಿ ಅಣ್ಣಾರ ಮಗ್ಗದಾಗ ರೋಲರ್ ಐತಿ ಅಂದಾರ. ರೋಲರ್ ಮಗ್ಗದಾಗ ಒಂದು ಇಳಿದ್ರ ಅದರ ಜೋಡಿ ಏರಬೇಕು. ಎರಡು ಕೆಳಗ, ಎರಡು ಮ್ಯಾಲೆ, ಇದ್ದದ್ದು ಅಷ್ಟ. ಒಂದೊಂದೇ ತುಳಿಯೋದು, ಮೂರ್ಮೂರು ತುಳಿಯೋದು ಅದರಾಗ ಸರಿ ಆಗೂದಿಲ್ಲ. ಎಳಿಗಳ ಬಾಯಿ ಅರ್ಧ ತೆರಿತೈತಿ, ಉಳಿದ ಎಳಿ ನಡುವ ತೂಗಾಡ್ತಾವ, ಲಾಳಿ ಅವನ್ನ ಹರಕೊಂಡ ಹೋಗತೈತಿ. ಆ ಎರಡು ಕ್ರಮ ಬಿಡ್ರಿ. ಡಾಬಿಗೆ ನಾಲ್ಕೂ ಹೀಲ್ಡ್ ಕಟ್ಟಿಕೊಂಡ್ರ ಮಾತು ಬ್ಯಾರೆ.

ಉಳಿದದ್ದು 5 × 4 × 4 = 80 ಚೌಕ, 80 ಇಂಚು. 5 ಗಜ ಅಂದ್ರ 180 ಇಂಚು. ಹಿಂದ ಮುಂದ ಕಟ್ಟಾಕ 36 ಹೋದ್ರ 144. ಅದರಾಗ 80 ನಮೂನಿಗೆ, ಉಳಿದ 64 ಇಂಚಿನಾಗ ಗೆದ್ದ ಚೌಕನ ದೊಡ್ಡದಾಗಿ ನೇದು ನೋಡ್ರಿ. ಅಂಗೈಯಷ್ಟು ತುಂಡಿನಾಗ ಚಂದ ಕಂಡದ್ದು ಒಂದೂವರಿ ಗಜಕ್ಕ ಹಬ್ಬಿದಾಗ ಕಣ್ಣು ಚುಚ್ಚತೈತಿ, ಇದು ಬಾಳ ಸಲ ಆಗೋದು.

ಎರಡನೇ ಪ್ರಶ್ನಿಗೆ ರಾತ್ರಿ ಬರೀತೀನಿ, ಅದು ಉದ್ದ ಐತಿ.

ಫಣಿ72 (ಭಾಗ್ಯನಗರ)

ಒಪ್ಪಿದೆ ರೀ. ರೋಲರ್ ಅಂದದ್ದು ಕಣ್ಣಿಗೆ ಬೀಳಲಿಲ್ಲ.

ಅದಕ್ಕ ಇನ್ನೊಂದು ಸೇರಿಸ್ತೀನಿ. ಈ ಐದು ಪಟ್ಟಿ ಒಂದೇ ಹಾಸಿನೊಳಗ ಇರೋದು ನಮೂನೆಗೆ ಮಾತ್ರ. ಸಾದಾ ನೇಯ್ಗೆಯೊಳಗ ಎಳೆ ಹೆಚ್ಚು ಸಲ ಮ್ಯಾಲೆ ಕೆಳಗ ಆಗ್ತದ, ಉದ್ದ ಹೆಚ್ಚು ನುಂಗ್ತದ. ಓರೆ ನೇಯ್ಗೆ ಕಡಿಮೆ ನುಂಗ್ತದ. ಪಕ್ಕಪಕ್ಕ ಹಾಸು ಸುತ್ತಿದ ಒಂದೇ ದಿಂಡಿನಿಂದ ಬಿಟ್ಟು ನೇಯ್ದ್ರ ಎರಡು ಮೂರು ಗಜ ಆಗೋದ್ರೊಳಗ ಸಾದಾ ಪಟ್ಟಿ ತಂತಿ ಆಗ್ತದ, ಓರೆ ಪಟ್ಟಿ ಜೋತುಬೀಳ್ತದ. ಬಟ್ಟೆ ತೆಗೆದು ಹಾಸಿದ್ರ ಅಲೆ ಅಲೆ. ದೊಡ್ಡ ಮಾಲಿಗೆ ಹಂಗ ಬೇಕಾದ್ರ ಓರೆ ಪಟ್ಟಿಯ ಎಳೆಗಳನ್ನ ಬ್ಯಾರೆ ದಿಂಡಿಗೆ ಸುತ್ತಬೇಕು, ಇಲ್ಲಾ ಹಿಂದ ಕಲ್ಲಿನ ತೂಕ ಕಟ್ಟಿ ಇಳಿಬಿಡಬೇಕು.

ಪೂರ್ತಿ ಓರೆ ನೇಯ್ಗೆ ಅಂದ್ರ ಫಣಿನೂ ಬದಲಾಗಬೇಕು. ಸಾದಾಕ್ಕ ಇಂಚಿಗೆ 60 ಸರಿ ಇದ್ರ ಓರೆಗೆ 72 ಹಾಕ್ರಿ. 60ರೊಳಗೇ ನೇಯ್ದ್ರ ಬಟ್ಟೆ ಜಾಳಾಗಿ, ತೊಳೆದ ಮ್ಯಾಲೆ ಎಳೆ ಸರೀತಾವ.

ಅಂಚಿಗೂ ಒಂದು ಮಾತು. ಓರೆಯೊಳಗ ಕೊನೇ ಎಳೆ ಒಂದು ಕಡೆ ಸಿಗದ ಹಂಗೇ ಜೋತಾಡ್ತದ. ಲಾಳಿಯನ್ನ ಎದುರು ಕಡೆಯಿಂದ ಹೊಡಿಯಾಕ ಶುರು ಮಾಡ್ರಿ, ಬಹಳ ಸಲ ಅಷ್ಟಕ್ಕೇ ಸರಿಹೋಗ್ತದ.

ತೋಪುತೆನಿ (ದೋಟಿಹಾಳ)

ಈಗ ಇಳಕಲ್ ಮಾತು.

ಗೊತ್ತಿದ್ದವರಿಗೆ ಗೊತ್ತಿರೋದ, ಓದೋ ಹೊಸಬರಿಗಾಗಿ ಬರೀತೀನಿ. ಇಳಕಲ್ ಸೀರಿ ಒಂದೇ ಹಾಸು ಅಲ್ಲ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ದಡಿದು ಮತ್ತೂ ಬ್ಯಾರೆ. ಸೆರಗು 16ರಿಂದ 27 ಇಂಚು. ದಡಿ ಬಣ್ಣನೂ ಸೆರಗಿನ ಬಣ್ಣನೂ ಒಂದ. ಒಡಲಿನ ಎಳಿ ತುದಿಯಾಗ ಕುಣಿಕಿಯಂಗ ತಿರುಗಿರ್ತಾವ. ಸೆರಗಿನ ಎಳಿ ಆ ಕುಣಿಕಿಯೊಳಗ ಹಾಯ್ದು ತಾನೂ ಕುಣಿಕಿ ಆಗಿ ಹಿಂದಕ್ಕ ಬರಬೇಕು. ಬೆರಳಿನಾಗ ಬೆರಳು ಕೊಕ್ಕಿ ಹಾಕಿದಂಗ. ಅದಕ್ಕ ಕೊಂಡಿ ಅನ್ನೋದು. ಒಂದು ಕೊಂಡಿ ಅಂದ್ರ ಆ ಕಡೆ ಎರಡು ಎಳಿ, ಈ ಕಡೆ ಎರಡು ಎಳಿ. 1,400 ಕೊಂಡಿ ಅಂದ್ರ ಒಂದೊಂದು ಕಡೆ 2,800 ಎಳಿ.

ಈ ಕೊಂಡಿ ಇರೋದ್ರಿಂದ ಹಾಸು ಒಂದೊಂದು ಸೀರಿಗೇ ಮಾಡಬೇಕು. ಉದ್ದ ಹಾಸು ಏರಿಸಿ ಹತ್ತು ಸೀರಿ ಇಳಿಸೋ ಹಂಗಿಲ್ಲ. ನಾವು ಇದನ್ನ ತ್ರಾಸು ಅಂತೀವಿ. ಹೊಸದು ಮಾಡೋರಿಗೆ ಇದ ಲಾಭ! ಪ್ರತಿ ಸೀರಿಗೂ ಹಾಸಿನ ಬಣ್ಣ ಬದಲಿಸಬಹುದು. ಹತ್ತು ಸೀರಿ ಹಾಸು ಏರಿಸಿದವಗ ಒಂದು ಬಣ್ಣ ತಪ್ಪಿದ್ರ ಹತ್ತೂ ಹೋದವು. ಇಲ್ಲಿ ಹೋದ್ರ ಒಂದ.

ಎಲ್ಲಿ ಕೈಯಾಡಿಸಬಹುದು ಅಂದ್ರ ಒಡಲಿನಾಗ. ಗೆರಿ, ಚೌಕ ಅಲ್ಲೇ ಬರೋದು. ಎಲ್ಲಾರೂ ಸಮ ಅಂತರದ ಗೆರಿ ಹಾಕ್ತಾರ. ಅದರ ಬದಲಿಗೆ ದಡಿ ಹತ್ರ 4 ಎಳಿ ಬಣ್ಣ, 4 ಖಾಲಿ, ನಡುವಿನ ಕಡೆ ಹೋದಂಗ ಖಾಲಿ ಜಾಗ 8, 16, 32, 64 ಅಂತ ಎರಡ್ಪಟ್ಟು ಮಾಡ್ರಿ. ದಡಿ ಬಣ್ಣ ಒಡಲಿನಾಗ ಕರಗಿದಂಗ ಕಾಣ್ತೈತಿ. ಹೊಕ್ಕು ಒಂದ ಬಣ್ಣ, ಲಾಳಿ ಒಂದ. ಕೂಲಿ ವ್ಯಾಳ್ಯಾ ಒಂದು ನಿಮಿಷ ಹೆಚ್ಚಾಗೂದಿಲ್ಲ, ಹಾಸು ಮಾಡೋವಾಗ ಮಾತ್ರ ಎಣಿಕಿ ಬೇಕು. ಚೌಕ ಬೇಕಂದ್ರ ಎರಡನೇ ಲಾಳಿ, ಡ್ರಾಪ್ ಬಾಕ್ಸ್ (ಲಾಳಿ ಬದಲಿಸೋ ಪೆಟ್ಟಿಗಿ), ಆವಾಗ ವೇಗ ಬೀಳತೈತಿ.

ಸೆರಗಿನ ತೋಪು ತೆನಿ (ಜೋಳದ ತೆನಿಯಂಥ ಚಿತ್ತಾರ) ಮುಟ್ಟಬ್ಯಾಡ್ರಿ ಅಂತ ನನ್ನ ಮಾತು. ಹಣಿಗಿ, ಕೋಟಿ ಕಮ್ಮಲಿ, ತೋಪು ತೆನಿ, ರಾಂಪ, ಈ ಬಿಳಿ ಕೆಂಪು ಚಿತ್ತಾರ ಕಂಡ್ರನ ಇದು ಇಳಕಲ್ ಅಂತ ದೂರದಿಂದ ಗೊತ್ತಾಗೋದು. ದಡಿಯಾಗ ಗೋಮಿ, ಚಿಕ್ಕಿ ಪರಾಸ್, ಗಾಡಿ ಅನ್ನೋ ನಮೂನಿ ಅದಾವ, ಅವನ್ನ ಅದಲು ಬದಲು ಮಾಡಬಹುದು. ಆದ್ರ ಬಣ್ಣ, ಗೆರಿ, ದಡಿ ಮೂರೂ ಒಂದ ಸೀರಿಯಾಗ ಬದಲಿಸಿದ್ರ ಯಾವುದರಿಂದ ಚಂದ ಆತು, ಯಾವುದರಿಂದ ಕೆಡ್ತು ಗೊತ್ತಾಗೂದಿಲ್ಲ. ಒಂದು ಸೀರಿಗೆ ಒಂದ ಬದಲು.

ಕೊಂಡಿ ಹಾಕೋವಾಗ ಆಗೋ ತಪ್ಪು ಎರಡು. ಒಂದು ಕುಣಿಕಿ ಬಿಟ್ಟು ಹೋದ್ರ ಅಲ್ಲಿಂದ ಮುಂದಿನವೆಲ್ಲ ಒಂದೊಂದು ಸರಿದು ಕೊನಿಗೆ ಒಂದು ಉಳಿತೈತಿ. 50 ಕೊಂಡಿಗೊಮ್ಮೆ ದಾರದಿಂದ ಗುಂಪು ಕಟ್ಟಿಕೊಂತ ಹೋಗ್ರಿ, ತಪ್ಪು ಆ 50ರೊಳಗ ಸಿಗತೈತಿ. ಇನ್ನೊಂದು, ಒಡಲು ಹತ್ತಿ ಸೆರಗು ರೇಷ್ಮಿ ಇದ್ದಾಗ ಎರಡೂ ಒಂದ ಥರ ಜಗ್ಗೂದಿಲ್ಲ. ಒಂದು ಮಗ್ಗಲು ಬಿಗಿ ಇನ್ನೊಂದು ಸಡಲು ಆದ್ರ ಕೊಂಡಿ ಸಾಲು ಓರಿ ಆಗಿ ಸೆರಗು ಸೊಟ್ಟ ಕಾಣತೈತಿ. ಕೊಂಡಿ ಸಾಲು ಫಣಿಗೆ ಬರೋಕಿಂತ ಮೊದಲ ಗುಂಪು ಗುಂಪಾಗಿ ಕೈಯಿಂದ ತಟ್ಟಿ ನೋಡ್ರಿ. ಎಲ್ಲಾ ಗುಂಪೂ ಬೆರಳಿಗೆ ಒಂದ ಥರ ಪುಟಿಬೇಕು.

ಬಣ್ಣದಬಾನಿ (ಮಸ್ಕಿ)

ಡಿಸೈನ್ ಡಿಸೈನ್ ಅಂತ ಎಲ್ಲಾರೂ ಕುಣೀಲಿಕ್ಹತ್ತೀರಿ. ಸೆರಗಿನ ಕೆಂಪು ಬಿಳಿ ಎಳಿಗೆ ಹತ್ತಿದ್ರ ಆ ಡಿಸೈನ್ ತಗೊಂಡು ಏನ್ ಮಾಡೋದು? ಹೊಸ ವರ್ಷಕ್ಕ ಹೊಸದು ಬೇಕಂದ್ರ ಮೊದಲು ಬಣ್ಣ ಗಟ್ಟಿ ಮಾಡ್ರಿ. ಗಿರಾಕಿ ಒಮ್ಮೆ ತೊಳದು ಕೆಟ್ಟಿತು ಅಂದ್ರ ಮತ್ತ ಆ ಅಂಗಡಿ ಮೆಟ್ಟಿಲು ಹತ್ತಂಗಿಲ್ಲ.

ಹತ್ತಿ ನೂಲು 1 ಕಿಲೋ, ಕೆಂಪು, ತಣ್ಣೀರಿನ ರಿಯಾಕ್ಟಿವ್ ಬಣ್ಣ (ನೂಲಿನ ಜೋಡಿನೇ ಕೂಡಿ ಹಿಡಿಯೋದು). ಲೆಕ್ಕ ಬರಕೊಳ್ರಿ.

ಮೊದಲು ನೂಲಿನ ಎಣ್ಣಿ ಮೇಣ ತಗೀಬೇಕು. 20 ಲೀಟರ್ ನೀರಿಗೆ 100 ಗ್ರಾಂ ಸೋಡಾ ಆಶ್, ಸ್ವಲ್ಪ ಸಾಬೂನು, ಒಂದು ತಾಸು ಕುದಸ್ರಿ. ಲಡಿ ತುದಿ ನೀರಿಗೆ ಇಟ್ಟ ಕೂಡಲೇ ಮುಳುಗಬೇಕು. ತೇಲಿದ್ರ ಇನ್ನೂ ಮೇಣ ಅದ, ಬಣ್ಣ ಮಚ್ಚಿ ಮಚ್ಚಿ ಬರ್ತದ.

ಆಮೇಲೆ ಹೊಸ 20 ಲೀಟರ್ ನೀರು, ಬಣ್ಣ 30ರಿಂದ 40 ಗ್ರಾಂ. ನೂಲು ಹಾಕಿ 10 ನಿಮಿಷ ಆಡಸ್ರಿ. ಉಪ್ಪು ಒಟ್ಟು 1 ಕಿಲೋ, ಎರಡು ಸಲ ಹಂಚಿ ಹಾಕ್ರಿ, ಅರ್ಧ ತಾಸು. ಅದಾದ ಮ್ಯಾಲೆ ಸೋಡಾ ಆಶ್ 300 ಗ್ರಾಂ, ಬ್ಯಾರೆ ಬಿಸಿನೀರಿನಾಗ ಕರಗಿಸಿ ಆರಿಸಿ, ನೂಲು ಮ್ಯಾಲೆತ್ತಿ ಹಿಡದು ಹಾಕ್ರಿ. ಒಂದು ತಾಸು ತಿರುವ್ರಿ.

ಸೋಡಾ ಮೊದಲೇ ಹಾಕಿದ್ರ ಬಣ್ಣ ನೂಲಿಗೆ ಸಮ ಹರಡೋಕಿಂತ ಮೊದಲೇ ಹಿಡಕೊಂಡು ಕಲಿ ಬೀಳ್ತದ. ನಿನ್ನೆ ಕಲಸಿಟ್ಟ ಬಣ್ಣ ಇವತ್ತು ಹಾಕಿದ್ರ ನೀರಿನ ಜೋಡಿನೇ ಕೂಡಿ ಸತ್ತಿರ್ತದ. ನೂಲಿಗೆ ಹತ್ತಿದಂಗ ಕಾಣ್ತದ, ತೊಳದಾಗ ಹೋಗ್ತದ.

ಎಲ್ಲಾರೂ ಬಿಡೋದು ಮುಂದಿನ ಕೆಲಸ. ತಣ್ಣೀರಿನಾಗ ಎರಡು ಸಲ ಜಾಲಿಸಿ, ಲೀಟರಿಗೆ 2 ಗ್ರಾಂ ಸಾಬೂನು ಹಾಕಿ 20 ನಿಮಿಷ ಕುದಸಬೇಕು. ನೀರು ಕೆಂಪಗಾದ್ರ ಚೆಲ್ಲಿ ಇನ್ನೊಮ್ಮೆ. ಹಿಡಿಯದ ಬಣ್ಣ ನೂಲಿನ ಒಳಗ ಕೂತಿರ್ತದ, ತಣ್ಣೀರಿಗೆ ಅದು ಹೊರಗ ಬರಂಗಿಲ್ಲ. ಸೀರಿ ಉಟ್ಟವರ ಬೆವರಿಗೆ ಬರ್ತದ.

ನಮ್ಮ ಕಡೆ ಬೋರಿನ ನೀರು ಗಡಸು. ಸಾಬೂನು ನೊರಿ ಬರದ ಬಿಳಿ ಗಸಿ ಆಗಿ ನೂಲಿಗೆ ಮೆತ್ತಿಕೊಳ್ತದ. ಬಣ್ಣ ಮಾಸಲು ಆಗೋದೂ ಅದರಿಂದನೇ. ಮಳಿ ನೀರು ಹಿಡಿದಿಟ್ಟದ್ದು ಇದ್ರ ಬಣ್ಣಕ್ಕ ಅದನ್ನೇ ಬಳಸ್ರಿ. ಇಲ್ಲಂದ್ರ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಲೀಟರಿಗೆ 1ರಿಂದ 2 ಗ್ರಾಂ ಮೊದಲೇ ಕರಗಸ್ರಿ.

ಆರ್ಟ್ ಸಿಲ್ಕಿಗೂ ಇದೇ ಬಣ್ಣ ಹತ್ತತದ, ಹತ್ತಿಗಿಂತ ಜಲ್ದಿ ಹತ್ತತದ. ಉಪ್ಪು ಎರಡರ ಬದಲು ನಾಲ್ಕು ಸಲ ಹಂಚ್ರಿ. ಹಸಿ ಇದ್ದಾಗ ಅದರ ಗಟ್ಟಿತನ ಸುಮಾರು ಅರ್ಧಕ್ಕ ಇಳಿತದ, ಹಿಂಡಬ್ಯಾಡ್ರಿ, ಒತ್ತಿ ನೀರು ತಗೀರಿ.

ಮಗ್ಗಕ್ಕ ಏರಿಸೋ ಮುಂಚೆ ಪರೀಕ್ಷೆ: ಗೇಣುದ್ದ ಕೆಂಪು ನೂಲು, ಅಷ್ಟೇ ಬಿಳಿ ಹತ್ತಿ ನೂಲು ಕೂಡಿಸಿ ಹುರಿ ಮಾಡಿ, ಕೈ ಇಡಲಾರದಷ್ಟು ಬಿಸಿ ಸಾಬೂನು ನೀರಿನಾಗ ಅರ್ಧ ತಾಸು. ಬಿಳಿ ನೂಲು ಬಿಡಿಸಿ ಬಿಳಿ ಹಾಳಿ ಮ್ಯಾಲೆ ಇಟ್ಟು ಬಿಸಿಲಿನಾಗ ನೋಡ್ರಿ. ಬಲ್ಬಿನ ಬೆಳಕಿನಾಗ ನೋಡಿದ್ದು ನೋಡಿದಂಗಲ್ಲ.

ಲಾಳಿ_ಕುಷ್ಟಗಿ

ಬಾನಿ ಅಕ್ಕಾರ, ಬೈದ್ರೂ ಬಂಗಾರದಂಥಾ ಮಾತು. ನಮ್ಮ ಸುತ್ತಮುತ್ತ ದಾಳಿಂಬ್ರಿ ತ್ವಾಟ ಬಾಳ. ಸಿಪ್ಪಿಯಿಂದ ಬಣ್ಣ ಆಗತೈತಿ ಅಂತಾರಲ್ಲ, ಅಳಲೆಕಾಯಿ 200 ಗ್ರಾಂ, ಪಟಕ 150 ಗ್ರಾಂ, ಸಿಪ್ಪಿ ಅರ್ಧ ಕಿಲೋ ಅಂತ ಒಂದು ಲೆಕ್ಕ ಸಿಕ್ಕೈತಿ, 1 ಕಿಲೋ ನೂಲಿಗೆ. ಸರಿ ಐತೇನ್ರಿ?

ಬಣ್ಣದಬಾನಿ (ಮಸ್ಕಿ)

ಬೈದದ್ದಲ್ಲಪಾ, ಹೇಳಿದ್ದು.

ಲೆಕ್ಕ ತಪ್ಪಲ್ಲ, ಆದ್ರ ಅಳಲೆಕಾಯಿ ಅಷ್ಟು ಬೇಕಾಗಿಲ್ಲ. ಅಳಲೆಕಾಯಿ ಹಾಕೋದು ಒಗರಿಗಾಗಿ, ಹತ್ತಿಗೆ ಪಟಕ ಕಚ್ಚಿಕೊಳ್ಳಲಿಕ್ಕೆ ಆ ಒಗರು ಬೇಕು. ದಾಳಿಂಬ್ರಿ ಸಿಪ್ಪಿಯೊಳಗೇ ಬೇಕಾದಷ್ಟು ಒಗರು ಅದ. 100 ಗ್ರಾಂ ಸಾಕು. ಹೆಚ್ಚು ಹಾಕಿದ್ರ ಹಳದಿ ಕಂದು ತಿರುಗ್ತದ.

ಒಣಗಿದ ಸಿಪ್ಪಿ 500 ಗ್ರಾಂ ಜಜ್ಜಿ ರಾತ್ರಿ ನೆನೆ ಇಟ್ಟು, 10 ಲೀಟರ್ ನೀರಿನಾಗ ಒಂದು ತಾಸು ಕುದಸಿ ಅರಿವಿಯಿಂದ ಸೋಸ್ರಿ. ಸೋಸದಿದ್ರ ಚೂರು ಹತ್ತಿದಲ್ಲೆಲ್ಲಾ ಕಲಿ. ನೀರು ಸೇರಿಸಿ 20 ಲೀಟರ್ ಮಾಡಿ, ಪಟಕ ಹಾಕಿ ಒಣಗಿಸಿದ ನೂಲು ಇಳಿಸಿ, ಕುದಿ ಬರದಂಗ ಬಿಸಿ ಹಿಡದು ಒಂದು ತಾಸು. ಹಳದಿ ಬರ್ತದ. ಕಡೀಕ ಅನ್ನಭೇದಿ (ಕಬ್ಬಿಣದ ಉಪ್ಪು) 20 ಗ್ರಾಂ ಬ್ಯಾರೆ ನೀರಿನಾಗ ಕರಗಿಸಿ ಐದೇ ನಿಮಿಷ ಅದ್ದಿದ್ರ ಹಸುರು ಬೆರೆತ ಬೂದು ಬಣ್ಣ. ಅನ್ನಭೇದಿ ಹೆಚ್ಚಾದ್ರ ನೂಲು ವರ್ಷದೊಳಗ ಪುಡಿ ಪುಡಿ ಆಗ್ತದ, ಕೈ ಅಳತಿ ಬ್ಯಾಡ, ತೂಕದ ಕಾಟಾ ಇಟ್ಟಕೊಳ್ರಿ. ಕಬ್ಬಿಣದ ಬಾನಿಯಾಗ ಹಳದಿ ಬರೋದೇ ಇಲ್ಲ, ಸ್ಟೀಲ್ ಪಾತ್ರಿ ಬೇಕು.

ಸೂಜಿಹುಡುಗಿ (ಸಂಡೂರು)

ಇಲ್ಲಿ ಲಂಬಾಣಿ ಕಸೂತಿ ಕೆಲಸ ಐತೆ, ಅದಕ್ಕೆ ಭೌಗೋಳಿಕ ಸೂಚಕನೂ ಸಿಕ್ಕೈತೆ. ನೇಕಾರರ ಹತ್ರ ಕೇಳೋದು ಒಂದೇ: ಎಳೆ ಎಣಿಸಿ ಹಾಕೋ ಹೊಲಿಗೆಗೆ ಬರೋವಂಥ ಕೈಮಗ್ಗದ ಬಟ್ಟೆ ನೇದು ಕೊಡ್ರಿ. ಧಾರವಾಡ ಕಡೆ ಕಸೂತಿಯವರಿಗೂ ಅದೇ ಬೇಕು. ಗವಂತಿ, ಮುರ್ಗಿ ಎರಡೂ ಹೊಲಿಗೆ ಎಳೆ ಎಣಿಸಿ ಹಾಕೋವು. ಅಡ್ಡಕ್ಕೆ ಎಷ್ಟು ಎಳೆಯೋ ಉದ್ದಕ್ಕೂ ಅಷ್ಟೇ ಇರಬೇಕು. ಮಾರ್ಕೆಟ್ಟಿನ ಬಟ್ಟೆ ಇಂಚಿಗೆ 60 ಹಾಸು, 48 ಹೊಕ್ಕು ಇರ್ತೈತೆ. ಅದರ ಮೇಲೆ ಹಾಕಿದ ಗೋಪುರ ಉದ್ದ ಆಗಿ ತೆಂಗಿನಮರ ಆಗ್ತೈತೆ.

ಫಣಿ72 (ಭಾಗ್ಯನಗರ)

ತೆಂಗಿನಮರ ಚೆಂದ ಹೇಳಿದ್ರಿ ಅಕ್ಕಾ. ಇದು ಸುಲಭದ ಕೆಲಸ. 2/40 ನೂಲು ಹಾಸಿಗೂ ಹೊಕ್ಕಿಗೂ, ಫಣಿ 44, ಸಾದಾ ನೇಯ್ಗೆ. ಮಗ್ಗದ ಮ್ಯಾಲೆ ಹೊಕ್ಕು 42 ಹಿಡೀರಿ. ಬಿಗಿ ಬಿಟ್ಟು ನೀರಿಗೆ ಹಾಕಿದಾಗ ಉದ್ದದೊಳಗೂ ಕುಗ್ತದ, ಅಗಲದೊಳಗೂ ಕುಗ್ತದ, ಎರಡೂ ಎಷ್ಟೆಷ್ಟು ಅನ್ನೋದು ನಿಮ್ಮ ಹೊಡೆತದ ಮ್ಯಾಲೆ. ಅದಕ್ಕ ಒಂದು ಗೇಣು ನೇಯ್ದು ಕತ್ತರಿಸಿ ತೊಳೆದು ಒಣಗಿಸಿ ಎರಡೂ ಕಡೆ 2 ಇಂಚಿನ ಎಳೆ ಎಣಿಸ್ರಿ. ಸಮ ಬರೋ ತನಕ ಹೊಕ್ಕು ಹೆಚ್ಚು ಕಡಿಮೆ ಮಾಡ್ರಿ.

ಇದೇ ತೆಂಗಿನಮರದ ತಪ್ಪು ಡಿಸೈನ್ ಬರೆಯೋವಾಗೂ ಆಗೋದು. ಚೌಕುಳಿ ಹಾಳಿ ಮ್ಯಾಲೆ 36 × 36 ಮನೆಯ ಹೂವು ಬರೀತಾರ. ಮಗ್ಗದೊಳಗ ಇಂಚಿಗೆ 72 ಹಾಸು, 56 ಹೊಕ್ಕು. ಅಗಲ 36 ÷ 72 = ಅರ್ಧ ಇಂಚು. ಎತ್ತರ 36 ÷ 56 = 0.64 ಇಂಚು. ಹೂವು ಸೌತೆಕಾಯಿ ಆತು. 36 ಎಳೆಗೆ 28 ಹೊಕ್ಕಿನೊಳಗ ಹೂವು ಮುಗೀಬೇಕು. ಮನೆಯ ಅಗಲ 7, ಎತ್ತರ 9 ಇರೋ ಹಾಳೆ ಗೆರೆ ಎಳೆದು ಜೆರಾಕ್ಸ್ ಮಾಡಿಸಿಟ್ಟಕೊಂಡ್ರ ಕಣ್ಣಿಗೆ ಕಂಡಂಗೇ ಬಟ್ಟೆ ಬರ್ತದ.

ಎಲ್ಲಿಂದ ಡಿಸೈನ್ ತರೋದು ಅಂತ ಯಾರೂ ಕೇಳಲಿಲ್ಲ, ಆದ್ರೂ ಹೇಳ್ತೀನಿ. ಮೊಬೈಲಿನೊಳಗ ಹುಡುಕಿದ್ರ ಎಲ್ಲಾರಿಗೂ ಸಿಗೋದೇ ಸಿಗ್ತದ. ಇಟಗಿ ಮಹಾದೇವ ಗುಡಿಗೆ ಹೋಗ್ರಿ. 1112ರೊಳಗ 6ನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿ ಶಿಲ್ಪದ ಹೂಬಳ್ಳಿ ನಕಲು ಮಾಡಾಕ ಹೋಗಬ್ಯಾಡ್ರಿ, 4 ಹೀಲ್ಡಿಗೆ ಅದು ಬರಂಗಿಲ್ಲ. ಕಡೆದ ಕಂಬ ನೋಡ್ರಿ. ಮ್ಯಾಲಿಂದ ಕೆಳಗ ದಪ್ಪ ಬಳೆ, ಸಣ್ಣ ಗೆರೆ, ಕೊರೆದ ಖಾಲಿ, ಮತ್ತ ಸಣ್ಣ ಗೆರೆ. ನೇರ ಎದುರು ನಿಂತು ಫೋಟೋ ತೆಗೆದು, ಸ್ಕೇಲ್ ಇಟ್ಟು ಆ ಪಟ್ಟಿಗಳ ಅಳತೆ ಬರಕೊಳ್ರಿ. 16 ಮಿಲಿಮೀಟರು, 4, 4, 8 ಅಂತ ಬಂತು ಅನ್ನಿ. ಮಿಲಿಮೀಟರಿಗೆ 2 ಎಳೆ ಲೆಕ್ಕದೊಳಗ 32, 8, 8, 16 ಎಳೆ. 64 ಎಳೆಯ ದಡಿ ಸಿದ್ಧ, 72 ಫಣಿಯೊಳಗ ಒಂದು ಇಂಚಿಗೆ ಚೂರು ಕಡಿಮೆ. ಬಣ್ಣಕ್ಕ ಕಿನ್ನಾಳದ ಬೊಂಬೆ ನೋಡ್ರಿ, ಗಾಢ ಕೆಂಪು ಹಸುರು ಹಳದಿ ಜಗಳ ಆಡದಂಗ ಹೆಂಗ ಕೂತಾವ ಅಂತ.

ಬಳ್ಳಾರಿ_ಲೆಕ್ಕ

ಎಲ್ಲಾ ಸರಿ. ನಮೂನೆ ನೇದ್ರಿ, ಬಣ್ಣ ಗಟ್ಟಿ ಆತು. ಆಮೇಲೆ ಮಾರೋ ಮಾಲು ಏನು? ಹೊಸ ನೇಯ್ಗೆಯನ್ನ ನೇರ ಸೀರೆಗೆ ಹಾಕಬೇಡಿ, ಸ್ಟೋಲಿಗೆ ಹಾಕಿ. ರೊಕ್ಕ ಸಿಕ್ಕಿಬೀಳೋದು ಕಡಿಮೆ. ಲೆಕ್ಕ ನೋಡಿ:

ಫಣಿಯೊಳಗೆ ಅಗಲ 28 ಇಂಚು, ಇಂಚಿಗೆ 60, ಒಟ್ಟು 1,680 ಎಳೆ. ಒಂದು ಸ್ಟೋಲಿಗೆ ಕುಚ್ಚು ಸೇರಿ 2.6 ಗಜ ಹಾಸು. 1,680 × 2.6 = 4,368 ಗಜ, 5.2 ಲಡಿ, 2/80ರಲ್ಲಿ 59 ಗ್ರಾಂ. ಹೊಕ್ಕು ಇಂಚಿಗೆ 48, ನೇಯೋ ಉದ್ದ 81 ಇಂಚು, 3,888 ಹೊಕ್ಕು. ಒಂದೊಂದು 28 ಇಂಚು, ಶೇ. 5 ಹೆಚ್ಚುವರಿ ಹಿಡಿದರೆ 3,175 ಗಜ, 43 ಗ್ರಾಂ. ಒಟ್ಟು 102 ಗ್ರಾಂ. 10 ಸ್ಟೋಲಿಗೆ 27 ಗಜ ಹಾಸು ಏರಿಸಿದರೆ ಕಟ್ಟೋಕೆ ಒಂದು ಗಜ ಹೋಗ್ತೈತೆ. ಹಾಸು ಒಂದೇ ಇಟ್ಟು ಹತ್ತಕ್ಕೂ ಹೊಕ್ಕಿನ ಬಣ್ಣ, ತುಳಿಯೋ ಕ್ರಮ ಬೇರೆ ಮಾಡಿ. ಯಾವುದು ಮೊದಲು ಹೋಗ್ತೈತೆ ಅಂತ ಬರೆದಿಡಿ, ಅದನ್ನೇ ಸೀರೆ ಒಡಲಿಗೆ ತನ್ನಿ.

ಬೆಲೆ ಹಾಕೋವಾಗ ನೂಲು, ಬಣ್ಣ, ನೇಯೋ ದಿನ ಇವಷ್ಟೇ ಹಿಡೀತಾರೆ. ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತಿದವರ ಕೂಲಿ, ಹಾಸು ಮಾಡಿದ ದಿನ, ಕುಚ್ಚು ಕಟ್ಟಿದ್ದು ಬಿಟ್ಟಿರ್ತಾರೆ. ಮನೆಯ ಹೆಣ್ಮಕ್ಕಳು ಮಾಡೋದು ಅಂತ ಅದು ಪುಕ್ಕಟೆ ಅಲ್ಲ.

ಇನ್ನು 2025-26ರ ತನಕ ಮಂಜೂರಾಗಿದ್ದ ಕೇಂದ್ರದ ಕಚ್ಚಾ ಸಾಮಗ್ರಿ ಪೂರೈಕೆ ಯೋಜನೆಯಲ್ಲಿ ಹತ್ತಿ ಲಡಿ ನೂಲಿಗೆ ಶೇ. 15 ಸಬ್ಸಿಡಿ ಇತ್ತು. ಕೋನ್‌ಗೆ ಸುತ್ತಿದ ಹತ್ತಿ ನೂಲಿಗೆ ಇರಲಿಲ್ಲ, ಲಡಿಗೆ ಮಾತ್ರ. ನೇಕಾರರ ಪಾಸ್‌ಬುಕ್ ಮಾಡಿಸಿಟ್ಟುಕೊಳ್ಳಿ. ಹೊರಗೆ ಮಾರೋರು ಕೈಮಗ್ಗ ಗುರುತಿನ ಲೇಬಲ್ ಹಾಕಿಸಿ, ಪವರ್‌ಲೂಮ್ ಮಾಲಿನ ಪಕ್ಕ ಇಟ್ಟಾಗ ಮಾತು ಉಳೀತೈತೆ.

ಲಾಳಿ_ಕುಷ್ಟಗಿ

ಎಲ್ಲಾ ಬರಕೊಂಡೀನಿ. ನಮೂನಿ ಹಾಸು ಮೊದಲು, ಮುಂದಿನ ಸೀರಿಗೆ ಎರಡ್ಪಟ್ಟು ಗೆರಿ. ಈಗ ಬಿಸಲಿನ ಮಾತು ಹೇಳ್ರಿ. ಯುಗಾದಿ ಮುಂದ ನಮ್ಮ ಕಡೆ ಗಾಳಿ ಒಣ ಒಣ, ಹತ್ತಿ ಎಳಿ ಟಕ್ ಟಕ್ ಹರೀತಾವ. ಹೊಸ ಕ್ರಮ ಕಲಿಯೋವಾಗ ಎಳಿ ಹರದ್ರ ಕ್ರಮನೂ ತಪ್ಪತೈತಿ.

ತೋಪುತೆನಿ (ದೋಟಿಹಾಳ)

ಗಂಜಿ ಸರಿ ಮಾಡ್ರಿ ಮೊದಲು. 1 ಕಿಲೋ ನೂಲಿಗೆ ಅಕ್ಕಿ ಹಿಟ್ಟು 100 ಗ್ರಾಂ, ನೀರು ಎರಡೂವರಿ ಲೀಟರ್. ಹಿಟ್ಟು ತಣ್ಣೀರಿನಾಗ ಕಲಸಿ ಗಂಟಿಲ್ಲದಂಗ ಮಾಡಿ ಆಮ್ಯಾಲೆ ಕುದಿಯೋ ನೀರಿಗೆ ಹುಯ್ಯಿರಿ. ಬಿಳಿ ಹೋಗಿ ಕನ್ನಡಿಯಂಗ ಆಗೋ ತನಕ ಕುದಿಬೇಕು. ಅರಬೆಂದ ಗಂಜಿ ಎಳಿ ಮ್ಯಾಲೆ ಪುಡಿ ಆಗಿ ಫಣಿಯಾಗ ಉದುರತೈತಿ, ಮಗ್ಗದ ಕೆಳಗ ಬಿಳಿ ಧೂಳು ಕಂಡ್ರ ಇದ ಕಾರಣ. ಇಳಿಸೋ ಮುಂದ ಕೊಬ್ಬರಿ ಎಣ್ಣಿ 10 ಮಿಲಿ. ಬ್ಯಾಸಿಗಿಯಾಗ 15 ಮಾಡ್ರಿ. ಗಂಜಿ ದಪ್ಪ ಮಾಡಿದ್ರ ಎಳಿ ಗಟ್ಟಿ ಆಗತೈತಿ ಅನ್ನೋದು ಸುಳ್ಳು, ಒಣ ಹವಾದಾಗ ದಪ್ಪ ಗಂಜಿ ಎಳಿ ಸಂಡಿಗಿಯಂಗ ಮುರಿತೈತಿ.

ಕುಣಿಮಗ್ಗದ ಲಾಭ ತಗೋರಿ. ಕುಣಿ ಮಗ್ಗಲಿನ ಮಣ್ಣಿಗೆ ನಸುಕಿನಾಗ ನೀರು ಹೊಡಿರಿ, ಹಾಸಿನ ಕೆಳಗ ಹಸಿ ಗೋಣಿಚೀಲ ಹಾಸ್ರಿ. ಎಳಿಗೆ ನೇರ ನೀರು ಚಿಮುಕಿಸಬ್ಯಾಡ್ರಿ, ಹಸಿ ಆದ ಜಾಗ ಗಂಜಿ ಬಿಟ್ಟು ಮತ್ತ ಅಲ್ಲೇ ಹರಿತೈತಿ. ಮ್ಯಾಲಿನ ಫ್ಯಾನ್ ಬಂದ್. ಬೆಳಿಗ್ಗೆ ಹತ್ತರ ತನಕ, ಸಂಜಿ ಐದರ ಮ್ಯಾಲೆ ನೇಯ್ರಿ, ನಡು ಮಧ್ಯಾಹ್ನ ಕಂಡಿಕಿ ಸುತ್ರಿ.

ಹರದ ಎಳಿ ಒಂದ ಜಾಗದಾಗ ಹರೀತಾವೋ ಎಲ್ಲಾ ಕಡೆ ಹರೀತಾವೋ ನೋಡ್ರಿ. ಎಲ್ಲಾ ಕಡೆ ಆದ್ರ ಗಂಜಿ, ಹವಾ. ಒಂದ ಗೆರಿಯಾಗ ಆದ್ರ ಫಣಿ ಹಲ್ಲು ಸೊಟ್ಟ, ಇಲ್ಲಾ ಹೀಲ್ಡ್ ಕಣ್ಣು ಸವದೈತಿ. ಎರಡೂ ಅಂಚಿಗೆ ಮಾತ್ರ ಆದ್ರ ಬಟ್ಟಿ ಒಳಗ ಕುಗ್ಗಿ ಫಣಿ ಅಂಚಿನ ಎಳಿ ತಿಕ್ಕತೈತಿ, ಅಗಲ ಹಿಡಿಯೋ ಕಡ್ಡಿನ ಎರಡು ಇಂಚಿಗೊಮ್ಮೆ ಮುಂದ ಸರಸ್ರಿ.

ಫಣಿ72 (ಭಾಗ್ಯನಗರ)

ಹರಿದ ಎಳೆ ಹಾಯಿಸೋವಾಗ ಕ್ರಮ ತಪ್ಪದಂಗ ಒಂದು ಉಪಾಯ: ಐದು ಪಟ್ಟಿ ಕೂಡೋ ನಾಲ್ಕು ಜಾಗದೊಳಗ ಒಂದೊಂದು ಬ್ಯಾರೆ ಬಣ್ಣದ ಎಳೆ ಇಡ್ರಿ. ಎಲ್ಲಿಂದ ಎಣಿಸಬೇಕು ಅಂತ ಕಣ್ಣಿಗೆ ತಟ್ಟನೆ ಸಿಗ್ತದ. ಕ್ರಮ ಬರೆದ ಚೀಟಿ ಮಗ್ಗದ ಮೇಲಿನ ಅಡ್ಡಗಂಬಕ್ಕ ಅಂಟಿಸ್ರಿ, ಜೇಬಿನೊಳಗ ಬ್ಯಾಡ.

ಲಾಳಿ_ಕುಷ್ಟಗಿ

ಆ ನಾಲ್ಕು ಎಳಿ 1,200ರೊಳಗಿನವ, ಇಲ್ಲಾ ಹೆಚ್ಚಿಗಿಯವ?

ಫಣಿ72 (ಭಾಗ್ಯನಗರ)

ಒಳಗಿನವೇ. ಪ್ರತಿ ಪಟ್ಟಿಯ 240ನೇ ಎಳೆ, ಕೊನೇ ಪಟ್ಟಿ ಬಿಟ್ಟು. ಹೆಚ್ಚಿಗೆ ಹಾಕಿದ್ರ ಫಣಿಯೊಳಗ ಎರಡು ಹಲ್ಲು ಹೆಚ್ಚು ಬೇಕಾಗ್ತದ.